ರೋಗಕ್ಕೊಂದು ರಾಗ ಎಂಬ ನಂಬಿಕೆ

ತಲೆನೋವಿಗೆ ಒಂದು ರಾಗ, ನಿದ್ದೆಗೆ ಒಂದು, ರಕ್ತದೊತ್ತಡಕ್ಕೆ ಇನ್ನೊಂದು, ಆತಂಕಕ್ಕೆ ಮತ್ತೊಂದು. ಇಂಥ ಪಟ್ಟಿಯನ್ನು ಮೈಸೂರು ಸೀಮೆಯಲ್ಲಿ ಒಮ್ಮೆಯಾದರೂ ನೋಡದವರು ಕಡಿಮೆ. ಯೋಗ ಶಿಬಿರದ ಕರಪತ್ರದಲ್ಲಿ ಇರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ, ಸಂಗೀತ ಸಭೆಯ ಉದ್ಘಾಟನಾ ಭಾಷಣದಲ್ಲಿ ತಪ್ಪದೇ ಬರುತ್ತದೆ. ಈಗೀಗ ಅದು ಆಸ್ಪತ್ರೆಯ ವಾರ್ಡಿಗೂ ವಸತಿಶಾಲೆಯ ಕೊಠಡಿಗೂ ಬಂದಿದೆ. ದೀರ್ಘಕಾಲದ ಕಾಯಿಲೆಯಿರುವ ಹದಿಹರೆಯದ ಮಕ್ಕಳಿಗೆ ಮನಸ್ಸಿನ ನೆಮ್ಮದಿ ಬೇಕು, ನೆಮ್ಮದಿಗೆ ಶಾಸ್ತ್ರೀಯ ಸಂಗೀತದಂಥ ಮದ್ದಿಲ್ಲ, ಆದ್ದರಿಂದ ಸ್ಪೀಕರ್ ತಂದು ಕೊಳಲೋ ವೀಣೆಯೋ ಹಾಕಿಬಿಟ್ಟರೆ ಅರ್ಧ ಕೆಲಸ ಆಯಿತು ಎನ್ನುವುದು ಒಳ್ಳೆಯ ಮನಸ್ಸಿನ ಬಹಳ ಜನರ ನಂಬಿಕೆ. ಈ ನಂಬಿಕೆ ತಪ್ಪು ಎನ್ನುವುದು ನನ್ನ ವಾದ. ಸಂಗೀತದಿಂದ ಈ ಮಕ್ಕಳಿಗೆ ಉಪಯೋಗವಿಲ್ಲ ಎಂದು ನಾನು ಹೇಳುತ್ತಿಲ್ಲ. ಬಹಳ ಇದೆ. ಆ ಉಪಯೋಗ ಬರುವ ದಾರಿ ಮಾತ್ರ ಪಟ್ಟಿ ತೋರಿಸುವ ದಾರಿಯಲ್ಲ.

ಮೊದಲು ಯಾರ ವಿಷಯ ಮಾತಾಡುತ್ತಿದ್ದೇವೆ ಎಂಬುದು ತಿಳಿಯಬೇಕು. ಎಚ್.ಡಿ.ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳಿವೆ. ಈ ಕುಟುಂಬಗಳಲ್ಲಿ ಕಾಣುವ ಒಂದು ಹುಟ್ಟುಕಾಯಿಲೆ ಕುಡುಗೋಲು ಕಣ ರಕ್ತಹೀನತೆ. ಆಡುಮಾತಿನಲ್ಲಿ ಸಿಕಲ್ ಸೆಲ್. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಇಲ್ಲಿಂದ ಬಹಳ ದೂರವಿಲ್ಲದ ನೀಲಗಿರಿಯ ಬೆಟ್ಟದ ಜನರಲ್ಲಿ. ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆಂದು ರಾಷ್ಟ್ರೀಯ ಅಭಿಯಾನ ಆರಂಭಿಸಿದ್ದು 2023ರ ಜುಲೈ 1ರಂದು. ನಡುವೆ ಎಪ್ಪತ್ತು ವರ್ಷ ಕಳೆದಿತ್ತು. ಪರಿಶಿಷ್ಟ ಪಂಗಡಗಳಲ್ಲಿ ಹುಟ್ಟುವ ಸುಮಾರು 86 ಮಕ್ಕಳಲ್ಲಿ ಒಂದಕ್ಕೆ ಈ ಕಾಯಿಲೆ ಇರುತ್ತದೆ ಎಂದು ಸರ್ಕಾರವೇ ಹೇಳುತ್ತದೆ. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಅಭಿಯಾನದ ಗುರಿ, ಕಾಯಿಲೆಯ ನಿರ್ಮೂಲನೆಗೆ 2047 ಗಡುವು.

ರಕ್ತದ ಕೆಂಪುಕಣ ದುಂಡಗಿರಬೇಕು. ಈ ಕಾಯಿಲೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಅದು ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಾಲ್ಕು ತಿಂಗಳು ಬಾಳಬೇಕಾದ ಕಣ ಎರಡು ಮೂರು ವಾರದೊಳಗೆ ಒಡೆದುಹೋಗುತ್ತದೆ. ರಕ್ತ ಕಟ್ಟಿದ ಕಡೆ ನೋವು ಏಳುತ್ತದೆ. ಮೊಣಕಾಲು, ಸೊಂಟ, ಬೆನ್ನು, ಎದೆ, ಎಲ್ಲಿ ಬೇಕಾದರೂ. ಚಳಿ ಹಿಡಿದರೆ ಬರಬಹುದು, ನೀರು ಕುಡಿಯುವುದು ಕಡಿಮೆಯಾದರೆ ಬರಬಹುದು, ಜ್ವರ ಬಂದರೆ ಬರಬಹುದು, ಮಳೆಯಲ್ಲಿ ನೆನೆದು ಓಡಿ ಆಡಿದ ರಾತ್ರಿ ಬರಬಹುದು. ಏನೂ ಆಗದೆಯೂ ಬರಬಹುದು. ಹದಿನಾಲ್ಕು ವರ್ಷದ ಹುಡುಗಿಗೆ ನೋವಿಗಿಂತ ದೊಡ್ಡ ಕಾಟ ಈ ಕೊನೆಯ ಮಾತು. ನಾಳೆ ಕಿರುಪರೀಕ್ಷೆ ಇದೆ, ಇವತ್ತು ರಾತ್ರಿ ಬಂದರೆ? ಶಾಲೆಯವರು ಬಸ್ಸು ಮಾಡಿ ಪ್ರವಾಸ ಹೊರಟಿದ್ದಾರೆ, ದಾರಿಯಲ್ಲಿ ಬಂದರೆ? ಅಪ್ಪ ಅಮ್ಮ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದಾರೆ, ಬಂದರೆ ಯಾರನ್ನು ಕರೆಯುವುದು? ಡಿ.ಬಿ.ಕುಪ್ಪೆ ಕಡೆಯ ಹಾಡಿಯಾದರೆ ಮೈಸೂರಿನ ದೊಡ್ಡಾಸ್ಪತ್ರೆಗೆ ಎಂಬತ್ತು ಕಿಲೋಮೀಟರಿನ ಮೇಲೆ, ಅದರಲ್ಲಿ ಒಂದು ಪಾಲು ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವ ಕಾಡುದಾರಿ. ಇದರ ಜೊತೆಗೆ ಆ ವಯಸ್ಸಿಗೆ ಮಾತ್ರ ಕುಟುಕುವ ಬೇರೆ ಸಂಗತಿಗಳೂ ಇವೆ. ಕಣ್ಣು ಹಳದಿ ತಿರುಗುವುದು, ಓರಗೆಯವರಿಗಿಂತ ಗಿಡ್ಡಗಿರುವುದು, ಮೈನೆರೆಯುವುದು ತಡವಾಗುವುದು, ಮುಂದೆ ಮದುವೆಯ ಮಾತು ಬಂದಾಗ ರಕ್ತ ಪರೀಕ್ಷೆಯ ಕಾರ್ಡು ತೋರಿಸಬೇಕಾಗುವುದು. ಕೆಲವು ಮನೆಗಳಲ್ಲಿ ಮಗು ಬರೀ ವಾಹಕ, ಅಂದರೆ ಕಾಯಿಲೆ ಇಲ್ಲದೆ ಅದರ ಗುಣ ಮಾತ್ರ ಹೊತ್ತದ್ದು. ಅದನ್ನು ಬಿಡಿಸಿ ಹೇಳುವವರಿಲ್ಲದೆ, ಕಾಯಿಲೆ ಇಲ್ಲದ ಮಗುವೂ ಕಾಯಿಲೆಯ ಹೆದರಿಕೆಯಲ್ಲಿ ಬೆಳೆಯುತ್ತದೆ.

ಹಾಡಿಯ ಮಗುವಿನ ಹೆದರಿಕೆಗೆ ಮನೆತನದ ಹಿನ್ನೆಲೆಯೂ ಇದೆ. ನಾಗರಹೊಳೆ ಕಾಡಿನಿಂದ ಹೊರಬಿದ್ದ ಆದಿವಾಸಿಗಳ ಬಗ್ಗೆ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದಿತು. ಅಜ್ಜಿ ಎದ್ದು ಬಂದ ಜಾಗದ ಕಥೆ ಕೇಳುತ್ತ ಬೆಳೆದ ಮಗುವಿಗೆ ಇರುವ ಜಾಗ ಉಳಿಯುತ್ತದೆಯೇ ಎಂಬ ಪ್ರಶ್ನೆಯೂ ಹೊಸದಲ್ಲ.

ಈ ಹೆದರಿಕೆಗಳನ್ನೆಲ್ಲ ಎದುರಿಗಿಟ್ಟುಕೊಂಡು ಕೇಳಬೇಕು. ಇದರಲ್ಲಿ ಯಾವುದು ಕಿವಿಗೆ ಕೊಳಲು ಬಿದ್ದ ಮಾತ್ರಕ್ಕೆ ಕರಗುವಂಥದ್ದು?

ರಾಗಚಿಕಿತ್ಸೆಯನ್ನು ನಂಬುವವರನ್ನು ನಾನು ಹಗುರವಾಗಿ ನೋಡುವುದಿಲ್ಲ. ವೀಣೆ ಶೇಷಣ್ಣನವರ ಊರಿನಲ್ಲಿ ನಾದದ ಮೇಲೆ ಭರವಸೆ ಇರುವುದು ಸಹಜ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು ಧ್ಯಾನಕ್ಕೂ ಆರೋಗ್ಯಕ್ಕೂ ಸಂಗೀತ ಎಂದು ದೇಶವಿದೇಶಗಳಲ್ಲಿ ಕಛೇರಿ ನಡೆಸಿದ್ದಾರೆ, ಆಶ್ರಮದ ನಾದಮಂಟಪದಲ್ಲಿ ಕೂತು ಹಗುರಾಗಿ ಎದ್ದು ಬಂದವರು ಸಾವಿರಾರು ಜನ. ಅವರ ಅನುಭವ ಸುಳ್ಳಲ್ಲ. ತಾನಾಗಿ ಹೊರಟು, ತನಗೆ ನಂಬಿಕೆಯಿರುವ ಗುರುವಿನೆದುರು, ತನ್ನವರ ಜೊತೆ ಕೂತವರ ಅನುಭವ ಅದು. ಅಲ್ಲಿ ಕೆಲಸ ಮಾಡಿದ ಈ ಮೂರು ಸಂಗತಿಗಳನ್ನು ಬಿಟ್ಟು ರಾಗದ ಹೆಸರೊಂದನ್ನೇ ಕಿತ್ತು ತಂದು ಹಾಡಿಯ ಮಗುವಿಗೆ ಹಚ್ಚುವುದನ್ನು ನಾನು ಒಪ್ಪಲಾರೆ.

ಇದಕ್ಕೆ ಸಾಕ್ಷಿ ನಮ್ಮ ಸಂಪ್ರದಾಯದೊಳಗೇ ಇದೆ. ರಾಗದಿಂದ ರೋಗ ವಾಸಿಯಾದ ಉದಾಹರಣೆ ಕೇಳಿದರೆ ಎಲ್ಲರೂ ಹೇಳುವುದು ಮುತ್ತುಸ್ವಾಮಿ ದೀಕ್ಷಿತರ ಶಿಷ್ಯ ತಂಬಿಯಪ್ಪನ ಹೊಟ್ಟೆನೋವಿನ ಕಥೆ. ಗುರುಗ್ರಹದ ದೋಷವೆಂದು ತಿಳಿದ ದೀಕ್ಷಿತರು ಅಠಾಣ ರಾಗದಲ್ಲಿ ಬೃಹಸ್ಪತಿಯ ಕೃತಿ ರಚಿಸಿದರಂತೆ, ನೋವು ಹೋಯಿತಂತೆ. ಪಟ್ಟಿ ಮಾಡುವವರು ಇದರಿಂದ ಅಠಾಣ ಹೊಟ್ಟೆನೋವಿಗೆ ಎಂದು ಬರೆದುಕೊಳ್ಳುತ್ತಾರೆ. ಕಥೆಯನ್ನು ಪೂರ್ತಿ ಕೇಳಿದರೆ ಬೇರೆಯೇ ಕಾಣುತ್ತದೆ. ತಂಬಿಯಪ್ಪ ಮದ್ದಳೆ ನುಡಿಸುವವನು. ಅವನಿಗೆ ಮಂತ್ರ ಹೇಳಲು ಬರುವುದಿಲ್ಲವೆಂದು ತಿಳಿದು ಗುರುಗಳು ಅವನಿಗೆ ಹಾಡಲು ಬರುವಂಥದ್ದನ್ನು ಮಾಡಿಕೊಟ್ಟರು, ಹಾಡಿದವನು ಅವನೇ. ಒಬ್ಬ ರೋಗಿ, ಅವನನ್ನು ಬಲ್ಲ ಒಬ್ಬ ಗುರು, ಅವನ ಬಾಯಿಗೆ ಹೊಂದುವ ಒಂದು ಹಾಡು, ದಿನದಿನವೂ ಅದನ್ನು ಅವನೇ ಹಾಡುವ ಕ್ರಮ. ಕಥೆ ನಡೆದದ್ದೋ ಇಲ್ಲವೋ, ಇಂದಿನ ಸಂಗೀತ ಚಿಕಿತ್ಸಕರು ಹೇಳುವ ಮಾತು ಬಹುಪಾಲು ಇದೇ. ನಾವು ಕಥೆಯಿಂದ ರಾಗದ ಹೆಸರನ್ನು ಮಾತ್ರ ಉಳಿಸಿಕೊಂಡೆವು.

ಪಶ್ಚಿಮದಲ್ಲೂ ಇಂಥದ್ದು ನಡೆದಿದೆ. 1993ರಲ್ಲಿ ಅಮೆರಿಕದ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಲೆಕ್ಕ ಕೊಟ್ಟರು. ಸ್ವಲ್ಪ ಚೆನ್ನಾಗಿ ಮಾಡಿದರು, ಆ ಪ್ರಭಾವ ಕಾಲುಗಂಟೆಯೂ ನಿಲ್ಲಲಿಲ್ಲ. ಐದು ವರ್ಷದಲ್ಲಿ ಅದು ಮೊಜಾರ್ಟ್ ಕೇಳಿದ ಮಗು ಬುದ್ಧಿವಂತವಾಗುತ್ತದೆ ಎಂಬ ನಂಬಿಕೆಯಾಗಿ, ಜಾರ್ಜಿಯಾ ರಾಜ್ಯದ ಗವರ್ನರು ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಹಣ ಕೇಳಿದರು. ಸಣ್ಣ ಸತ್ಯವೊಂದು ಊರೂರು ಸುತ್ತುವಾಗ ತನ್ನ ಷರತ್ತುಗಳನ್ನೆಲ್ಲ ಕಳೆದುಕೊಳ್ಳುತ್ತದೆ.

ಹಾಗಾದರೆ ರಾಗಕ್ಕೆ ದೇಹದ ಮೇಲೆ ಏನೂ ಪರಿಣಾಮವಿಲ್ಲವೇ? ಇದೆ. ಇಟಲಿಯ ಲೂಸಿಯಾನೋ ಬರ್ನಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24 ಜನರಿಗೆ ಆರು ಬಗೆಯ ಸಂಗೀತ ಕೇಳಿಸಿ ಉಸಿರು, ಎದೆಬಡಿತ, ರಕ್ತದೊತ್ತಡ ಅಳೆದರು. ಆರರಲ್ಲಿ ನಮ್ಮ ರಾಗಸಂಗೀತವೂ ಒಂದು. ಲಯ ಚುರುಕಾದಂತೆ ಉಸಿರೂ ಒತ್ತಡವೂ ಏರಿದವು. ಯಾವ ಬಗೆಯ ಸಂಗೀತ ಎಂಬುದಕ್ಕಿಂತ ಅದರ ವೇಗ ಎಷ್ಟು ಎಂಬುದು ಹೆಚ್ಚು ಲೆಕ್ಕಕ್ಕೆ ಬಂತು. ಎಲ್ಲಕ್ಕಿಂತ ಹೆಚ್ಚು ವಿಶ್ರಾಂತಿ ಕಂಡದ್ದು ಸಂಗೀತದ ನಡುವೆ ಸುಮ್ಮನೆ ಬಿಟ್ಟ ಎರಡು ನಿಮಿಷದಲ್ಲಿ. ಇಲ್ಲಿ ಮೇಲಾದದ್ದು ವಿಳಂಬ ಕಾಲ ಮತ್ತು ಮೌನ. ರೋಗಕ್ಕೊಂದು ರಾಗ ಎನ್ನುವ ಪಟ್ಟಿಗೆ ಇದರಲ್ಲಿ ಆಧಾರವಿಲ್ಲ.

ಆದರೆ ಎದೆಬಡಿತ ಇಳಿದ ಮಾತ್ರಕ್ಕೆ ಆತಂಕ ಇಳಿಯಿತೆಂದಲ್ಲ. ಇದು ನನಗೆ ಸ್ಪಷ್ಟವಾಗಿ ಕಂಡದ್ದು ಈ ಭಾಗದ ಒಂದು ವಸತಿಶಾಲೆಯಲ್ಲಿ. ಡಿಸೆಂಬರಿನ ಸಂಜೆ, ಮೊಣಕಾಲಿಗೆ ರಗ್ಗು ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದ ಒಂಬತ್ತನೇ ತರಗತಿಯ ಹುಡುಗಿ. ನೋವು ಇಳಿಯುತ್ತ ಬಂದಿತ್ತು, ಮಾತ್ರೆ ನುಂಗಿಯಾಗಿತ್ತು, ಪಕ್ಕದಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ. ಶಿಬಿರ ನಡೆಸಲು ಬಂದಿದ್ದ ಅಕ್ಕರೆಯ ಹೆಂಗಸೊಬ್ಬರು ಫೋನಿನಲ್ಲಿ ಕೊಳಲುವಾದನ ಹಾಕಿ, "ಕಣ್ಣು ಮುಚ್ಚಿ ಕೇಳು ಪುಟ್ಟಿ, ಎಲ್ಲ ಸರಿಹೋಗುತ್ತೆ" ಎಂದರು. ಹುಡುಗಿ ಕಣ್ಣು ಮುಚ್ಚಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಇದ್ ಬ್ಯಾಡ ಮಿಸ್, ಟಿವಿಲಿ ಯಾರಾರ ಸತ್ತೋದಾಗ ಹಾಕ್ತರಲ್ಲ, ಅಂಗೈತೆ. ಇನ್ನೂ ಭಯ ಆಯ್ತದೆ" ಅಂದಳು. ದೊಡ್ಡವರು ಸತ್ತಾಗ ಆಕಾಶವಾಣಿಯೂ ದೂರದರ್ಶನವೂ ದಿನಗಟ್ಟಲೆ ಶೋಕವಾದ್ಯ ಹಾಕುತ್ತಿದ್ದುದನ್ನು ಬಲ್ಲ ನಮಗೆ ಆ ಮಾತು ಅರ್ಥವಾಗದೆ ಇರಲು ಸಾಧ್ಯವಿಲ್ಲ. "ಮತ್ತೆ ಯಾವ್ದು ಬೇಕು?" ಎಂದು ಕೇಳಿದಾಗ ಅವಳು ಬೇಡಿದ್ದು ದರ್ಶನ್ ಸಿನಿಮಾದ, ಕುಣಿಯುವಂಥ ಹಾಡು. ಹಾಕಿದ ಮೇಲೆ ತುಟಿ ಆಡಿಸಿದಳು, ಎರಡನೇ ಚರಣಕ್ಕೆ ರಗ್ಗಿನ ಒಳಗಿನಿಂದ ಬೆರಳು ತಾಳ ಹಾಕತೊಡಗಿದವು. ಪಕ್ಕದ ಮಂಚದವಳು ಬಂದು ಕೂತಳು. ವಾರ್ಡನ್ ಬಂದು, ಕಾಯಿಲೆ ಮಗುವಿಗೆ ಇಂಥ ಗದ್ದಲವೇ ಎಂದು ಫೋನು ಆರಿಸಿದರು. ಅವರದೂ ಅಕ್ಕರೆಯೇ. ಆದರೆ ಆ ಹೊತ್ತಿಗೆ ಆ ಮಗುವಿನ ಕೈಯಲ್ಲಿ ಇದ್ದ ಒಂದೇ ಒಂದು ಆಯ್ಕೆಯನ್ನು ಅವರು ಕಿತ್ತುಕೊಂಡರು.

ಆಯ್ಕೆ ಎಂದದ್ದು ಸುಮ್ಮನೆ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಲಾರಾ ಮಿಚೆಲ್ ಮತ್ತು ರೇಮಂಡ್ ಮ್ಯಾಕ್‌ಡೊನಾಲ್ಡ್ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಆರೋಗ್ಯವಂತರ ಕೈಯನ್ನು ಕೊರೆಯುವ ನೀರಿನಲ್ಲಿ ಇಡಿಸಿ, ಒಮ್ಮೆ ಸಂಶೋಧಕರು ಆರಿಸಿದ ಶಾಂತ ಸಂಗೀತ, ಒಮ್ಮೆ ಬರೀ ಗದ್ದಲ, ಒಮ್ಮೆ ಅವರವರೇ ತಂದುಕೊಂಡ ಹಾಡು ಕೇಳಿಸಿದರು. ತಾವೇ ತಂದ ಹಾಡಿದ್ದಾಗ ಹೆಚ್ಚು ಹೊತ್ತು ತಾಳಿಕೊಂಡರು, ನೋವು ತಮ್ಮ ಹಿಡಿತದಲ್ಲಿದೆ ಎಂಬ ಭಾವನೆಯೂ ಹೆಚ್ಚಾಗಿತ್ತು. ಸಿಕಲ್ ಸೆಲ್ ಇರುವವರ ಮೇಲೆ ಇಂಥ ತಣ್ಣೀರಿನ ಪ್ರಯೋಗ ಮಾಡುವಂತಿಲ್ಲ, ಚಳಿಯೇ ಅವರಿಗೆ ಶತ್ರು. ಆದರೆ ಅದರಿಂದ ತಿಳಿಯುವ ಮಾತು ಅವರಿಗೇ ಹೆಚ್ಚು ಸಲ್ಲುತ್ತದೆ. ಯಾವಾಗ ಊಟ, ಯಾವಾಗ ಸೂಜಿ, ಯಾವ ಮಾತ್ರೆ, ಯಾರು ಮುಟ್ಟಿ ನೋಡುತ್ತಾರೆ, ಎಷ್ಟು ದಿನ ಶಾಲೆ ತಪ್ಪುತ್ತದೆ, ಯಾವುದೂ ಆ ಮಗು ನಿರ್ಧರಿಸುವುದಲ್ಲ. ಹಾಡಾದರೂ ಅವಳದಾಗಿರಲಿ.

ಕೇಳುವುದಕ್ಕಿಂತ ಮಾಡುವುದು ಇನ್ನೂ ಮೇಲು. ಅಮೆರಿಕದಲ್ಲಿ ಶೆರಿ ರಾಬ್, ಜೋನ್ ಹಾಸೆ ಮತ್ತು ಸಂಗಡಿಗರು ಅಸ್ಥಿಮಜ್ಜೆ ಕಸಿಯಂಥ ಕಠಿಣ ಚಿಕಿತ್ಸೆಯಲ್ಲಿದ್ದ 11ರಿಂದ 24 ವಯಸ್ಸಿನ 113 ಜನರೊಂದಿಗೆ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಸಂಗೀತ ಚಿಕಿತ್ಸಕರ ಜೊತೆ ಕೂತು ತಮ್ಮದೇ ಸಾಲು ಬರೆದು, ಹಾಡಿ, ಧ್ವನಿಮುದ್ರಿಸಿ, ಚಿತ್ರ ಜೋಡಿಸಿ ವಿಡಿಯೋ ಮಾಡಿದರು. ಇನ್ನೊಂದು ಗುಂಪಿನವರು ಕಥೆಯ ಧ್ವನಿಪುಸ್ತಕ ಕೇಳಿದರು. ಹಾಡು ಕಟ್ಟಿದವರಲ್ಲಿ ಕಷ್ಟವನ್ನು ಧೈರ್ಯದಿಂದ ಎದುರಿಸುವ ಗುಣ ಹೆಚ್ಚಿತು. ಕಸಿಯಾಗಿ ನೂರು ದಿನದ ಹೊತ್ತಿಗೆ ಗೆಳೆಯರ ಜೊತೆಗಿನ ಒಡನಾಟವೂ ಮನೆಯವರ ಜೊತೆಗಿನ ಹೊಂದಿಕೆಯೂ ಮೇಲಾಗಿತ್ತು. ಕಾಯಿಲೆಯಿಂದ ಬರುವ ಮನಸ್ಸಿನ ಸಂಕಟದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ.

ನನ್ನ ವಾದಕ್ಕೆ ಈ ಕೊನೆಯ ಫಲಿತಾಂಶವೇ ಮುಖ್ಯ. ಸಂಗೀತ ಹೆದರಿಕೆಯನ್ನು ಅಳಿಸಲಿಲ್ಲ. ಹೆದರಿಕೆ ಇದ್ದುಕೊಂಡೇ ಬದುಕುವ ಬಲವನ್ನೂ ಜೊತೆಗಾರರನ್ನೂ ಒದಗಿಸಿತು. ಅಂಥ ಚಿಕಿತ್ಸೆಯಲ್ಲಿರುವ ಮಗುವಿಗೆ ಹೆದರಲು ಕಾರಣಗಳಿವೆ, ಅವು ನಿಜವಾದ ಕಾರಣಗಳು. ಸಿಕಲ್ ಸೆಲ್‌ಗೇ ಹತ್ತಿರವಾದದ್ದು ಅಮೆರಿಕದ ಕ್ಲೀವ್‌ಲೆಂಡಿನಲ್ಲಿ 60 ವಯಸ್ಕ ರೋಗಿಗಳೊಂದಿಗೆ ನಡೆದು 2018ರಲ್ಲಿ ಪ್ರಕಟವಾದ ಪ್ರಯತ್ನ. ಚಿಕಿತ್ಸಕರ ಜೊತೆ ಟಚ್‌ಸ್ಕ್ರೀನ್ ಮುಟ್ಟಿ ತಾವೇ ಸಂಗೀತ ನುಡಿಸಿದವರಿಗೆ, ಏನೂ ಮಾಡದೆ ಕಾದು ಕೂತವರಿಗಿಂತ ನೋವೂ ಇಳಿಯಿತು, ಮನಸ್ಸೂ ಗೆಲುವಾಯಿತು. ಒಂದೇ ಬಾರಿಯ, ಚಿಕ್ಕ ಪ್ರಯತ್ನ ಅದು, ವಯಸ್ಕರ ಮೇಲೆ ಮಾಡಿದ್ದು. ಹೆಚ್ಚು ಹೊರೆ ಹೊರಿಸಬಾರದು. ಮಕ್ಕಳ ಬಗ್ಗೆ ಇರುವ ಆಧಾರ ಎಷ್ಟು ತೆಳು ಎನ್ನಲು ಇನ್ನೊಂದು ಲೆಕ್ಕ ಸಾಕು. ಕ್ಯಾನ್ಸರ್ ರೋಗಿಗಳಿಗೆ ಸಂಗೀತದ ಉಪಯೋಗದ ಬಗ್ಗೆ ಕಾಕ್ರೇನ್ ಸಂಸ್ಥೆ 2021ರಲ್ಲಿ ಒಟ್ಟುಹಾಕಿದ 81 ಪ್ರಯೋಗಗಳಲ್ಲಿ ಮಕ್ಕಳ ಮೇಲಿನವು ಬರೀ 7. ರೋಗಕ್ಕೊಂದು ರಾಗ ಎಂದು ಖಚಿತವಾಗಿ ಹೇಳುವವರ ಧೈರ್ಯಕ್ಕೂ ಈ 7ಕ್ಕೂ ಹೊಂದಿಕೆಯಾಗುವುದಿಲ್ಲ.

ಇಷ್ಟು ಹೇಳಿದ ಕೂಡಲೇ ನನ್ನ ಕಡೆಗೆ ಬರುವವರು ಇನ್ನೊಂದು ಗುಂಪಿನವರು. ಸರಿ, ಶಾಸ್ತ್ರೀಯ ಬೇಡ, ಹಾಡಿಯ ಮಕ್ಕಳಿಗೆ ಹಾಡಿಯ ಹಾಡನ್ನೇ ಕೊಡೋಣ, ಅವರ ಬೇರು ಅಲ್ಲಿದೆ ಎನ್ನುತ್ತಾರೆ. ಕೇಳಲು ಹಿತವಾಗಿದೆ. ಜೇನುಕುರುಬರಿಗೆ ಜೇನು ಕೀಳುವಾಗಿನ ಹಾಡುಗಳಿವೆ. ಕೊಡಗಿನ ದೇವರಪುರದ ಕುಂಡೆ ಹಬ್ಬದಲ್ಲಿ ಕೈಗೆ ಸಿಕ್ಕ ಡಬ್ಬ, ಬಿಂದಿಗೆ, ಸೋರೆಬುರುಡೆ ಬಡಿದು, ದೇವರನ್ನೇ ಬೈದು ಹಾಡಿ ಕುಣಿಯುತ್ತಾರೆ. ದೇವರು ತಮಗೆ ಮಾಡಿದ ಅನ್ಯಾಯಕ್ಕೆ ದೇವರ ಮುಖಕ್ಕೇ ಬೈಯಲು ವರ್ಷಕ್ಕೊಂದು ದಿನ ಇಟ್ಟುಕೊಂಡ ಜನ ಅವರು. ಸಿಟ್ಟನ್ನು ತಾಳಕ್ಕೆ ಹಾಕಿ ಹೊರಗೆ ಬಿಡುವುದು ಹೇಗೆಂದು ಅವರಿಗೆ ನಾವು ಕಲಿಸಬೇಕಾಗಿಲ್ಲ. ನೋವಿನ ಮಗುವಿಗೆ ಶಾಂತಿ ಮಾತ್ರ ಬೇಕು ಎಂಬ ನಮ್ಮ ಎಣಿಕೆಯನ್ನು ಈ ಹಬ್ಬ ಒಂದೇ ಏಟಿಗೆ ಅಲುಗಾಡಿಸುತ್ತದೆ. ಅವಳಿಗೆ ಕೂಗಬೇಕಿರಬಹುದು, ಬೈಯಬೇಕಿರಬಹುದು. ವಿಳಂಬ ಕಾಲದ ಆಲಾಪನೆಯಲ್ಲಿ ಅದಕ್ಕೆ ಜಾಗವಿಲ್ಲ.

ಆದರೂ ಬೇರಿನ ಹೆಸರಿನಲ್ಲಿ ಹಾಡು ನಿಗದಿ ಮಾಡುವವರೂ ಪಟ್ಟಿ ಹಿಡಿದವರೇ. ಜೇನುಕುರುಬರ ಹುಡುಗನಿಗೆ ಅಜ್ಜನ ಹಾಡೇ ಹಿತ, ಬೈಲುಕುಪ್ಪೆಯ ಟಿಬೆಟನ್ ಹುಡುಗನಿಗೆ ಮಠದ ಮಂತ್ರಘೋಷವೇ ಹಿತ, ಮಹದೇಶ್ವರನ ಒಕ್ಕಲಿನ ಮನೆಯವನಿಗೆ ಕಂಸಾಳೆಯೇ ಹಿತ ಎಂದು ನಾವೇಕೆ ಮೊದಲೇ ಬರೆದಿಡಬೇಕು? ಹದಿನೈದರ ಹುಡುಗನಿಗೆ ಕನ್ನಡ ರ್‍ಯಾಪ್ ಬೇಕಿರಬಹುದು. ಅಜ್ಜನ ಹಾಡು ಅವನಿಗೆ ನಾಚಿಕೆಯಾಗಿರಬಹುದು, ಮೂರು ವರ್ಷದ ಮೇಲೆ ಅದೇ ಅವನ ಹೆಮ್ಮೆಯಾಗಬಹುದು. ಹದಿಹರೆಯವೆಂದರೆ ತಾನು ಯಾರು ಎಂದು ದಿನಕ್ಕೊಂದು ಬಗೆಯಲ್ಲಿ ನೋಡಿಕೊಳ್ಳುವ ವಯಸ್ಸು. ಕಾಯಿಲೆ ಅವನನ್ನು ಆಗಲೇ ರೋಗಿ ಎಂಬ ಒಂದೇ ಹೆಸರಿಗೆ ಕಟ್ಟಿಹಾಕಿದೆ. ಬುಡಕಟ್ಟಿನವನು ಎಂಬ ಇನ್ನೊಂದು ಹೆಸರಿನಿಂದ ನಾವೂ ಕಟ್ಟಬಾರದು.

ಈಗ ಎಲ್ಲಕ್ಕಿಂತ ತುರ್ತಿನ ಮಾತು. ಸಮಾಧಾನಪಡಿಸುವ ಸಂಗೀತ ಅಪಾಯವೂ ಆಗಬಲ್ಲದು. ಕೆ.ಆರ್.ನಗರದ ಭತ್ತದ ಬಯಲಿನ ಊರೊಂದರಲ್ಲಿ ಟೈಪ್ 1 ಮಧುಮೇಹದ ಹುಡುಗನಿದ್ದಾನೆ ಎಂದುಕೊಳ್ಳಿ. ಇನ್ಸುಲಿನ್ ಹಾಕಿಕೊಂಡು ಶಾಲೆಗೆ ಹೋಗುತ್ತಾನೆ. ಹನ್ನೊಂದೂವರೆ ಹೊತ್ತಿಗೆ ಬೆವರುತ್ತಾನೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇದು ಆತಂಕವೂ ಇರಬಹುದು, ರಕ್ತದ ಸಕ್ಕರೆ ಇಳಿದದ್ದೂ ಇರಬಹುದು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಸಕ್ಕರೆ ಇಳಿದ ಮಗುವಿಗೆ ಆ ಕ್ಷಣ ಬೇಕಾದದ್ದು ಬಾಯಿಗೆ ಸಕ್ಕರೆಯೋ ಗ್ಲೂಕೋಸೋ. ಅವನನ್ನು ಮಲಗಿಸಿ ಹಾಡು ಹಾಕಿದರೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಊರುಗಳಲ್ಲಿ ಸೊಪ್ಪು ಬೇಯಿಸುವ ಕಾಲಕ್ಕೆ ಆಸ್ತಮಾ ಇರುವ ಹುಡುಗಿಗೆ ಉಸಿರು ಸಿಕ್ಕದೆ ಗಾಬರಿಯಾದರೆ, ಅವಳ ಕೈಗೆ ಮೊದಲು ಇನ್‌ಹೇಲರ್ ಬರಬೇಕು. ಸಿಕಲ್ ಸೆಲ್ ಮಗುವಿಗೆ ಜ್ವರ ಬಂದು ಎದೆ ನೋವು, ಏದುಸಿರು ಕಂಡರೆ ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು, ತಡಮಾಡಿದರೆ ಜೀವಕ್ಕೇ ಮುಳುವು. ಆ ಮಗುವಿನ ಹೆದರಿಕೆ ಅಲ್ಲಿ ಕಾವಲು ಕಾಯುತ್ತಿದೆ. ಅದನ್ನು ಮಲಗಿಸುವುದು ಪಾಪದ ಕೆಲಸ.

ನೋವಿನ ಮಾತೂ ಹೀಗೆಯೇ. ಸಿಕಲ್ ಸೆಲ್ ನೋವು ಪ್ಯಾರಾಸಿಟಮಾಲಿಗೆ ಯಾವಾಗಲೂ ಬಗ್ಗುವುದಿಲ್ಲ, ಕೆಲವೊಮ್ಮೆ ಮಾರ್ಫಿನ್ ಬೇಕಾಗುತ್ತದೆ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಮಗುವಿನ ಹುಟ್ಟುಕಾಲದ ಹೀಮೋಗ್ಲೋಬಿನನ್ನು ಮತ್ತೆ ಹೆಚ್ಚಿಸಿ, ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆ. ದಿನವೂ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಆಸ್ಪತ್ರೆಯಲ್ಲಿ ಅದು ಎಂದೂ ಖಾಲಿಯಾಗಬಾರದು. ಮಾತ್ರೆ ತಿಂಗಳು ತಪ್ಪಿದ ಮಗುವಿಗೆ ಸಂಗೀತ ಶಿಬಿರ ಏರ್ಪಡಿಸುವುದನ್ನು ನಾನು ಸೇವೆ ಎಂದು ಕರೆಯಲಾರೆ. ಆತಂಕದ ದೊಡ್ಡ ಪಾಲು ಇಳಿಯುವುದು ಮಾತ್ರೆ ಇದೆ, 108 ಆಂಬುಲೆನ್ಸ್ ಬರುತ್ತದೆ, ನೋವು ಎಂದರೆ ನರ್ಸಮ್ಮ ನಂಬುತ್ತಾರೆ ಎಂಬ ಭರವಸೆಯಿಂದ.

ಹಾಗೆಂದು, ಮೊದಲು ಔಷಧ ಸರಿಯಾಗಲಿ, ಹಾಡು ಆಮೇಲೆ ಎನ್ನುವವರ ಜೊತೆಗೂ ನಾನಿಲ್ಲ. ಬಡಮಕ್ಕಳ ವಿಷಯ ಬಂದಾಗಲೆಲ್ಲ ಆಮೇಲೆ ಎಂದು ಇಟ್ಟದ್ದು ಬರುವುದೇ ಇಲ್ಲ. ಎರಡೂ ಒಟ್ಟಿಗೆ ಆಗಬೇಕು, ಆಗಲೂಬಹುದು. ಇಲ್ಲಿ ಅದಕ್ಕೆ ಬೇಕಾದ ಕೈಗಳು ಆಗಲೇ ಇವೆ. 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹಾಡಿಗಳ ನಡುವೆ ಕೆಲಸ ಮಾಡುತ್ತ ಬಂದಿದೆ. ಸರಗೂರಿನಲ್ಲಿ ಅದರ ಆಸ್ಪತ್ರೆಯಿದೆ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆಯಿದೆ. 2012ರಿಂದ ಜನಧ್ವನಿ ಎಂಬ ಸಮುದಾಯ ಬಾನುಲಿಯಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆಸುವ ಮನೋಚೈತನ್ಯ ಕಾರ್ಯಕ್ರಮ ಸರ್ಕಾರದ್ದೇ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿಸುವ ಟೆಲಿ ಮಾನಸ್ 14416 ಸಂಖ್ಯೆ 2022ರಿಂದ ಇದೆ. ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧದ ಬಗ್ಗೆ ಡಾ. ಶಾಂತಲಾ ಹೆಗಡೆಯವರ ತಂಡ ಕೆಲಸ ಮಾಡುತ್ತಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಇವರೆಲ್ಲ ಒಂದೇ ಮೇಜಿಗೆ ಕೂತರೆ, ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಹೊಂದುವ ಕ್ರಮವೊಂದನ್ನು ಕಟ್ಟಲು ಪರದೇಶದಿಂದ ಯಾರೂ ಬರಬೇಕಾಗಿಲ್ಲ.

ಏನು ಮಾಡಬಹುದೆಂದು ಕೇಳಿದರೆ ನಾನು ಹೇಳುವುದು ಸಣ್ಣದು. ವರ್ಷಕ್ಕೊಂದು ದೊಡ್ಡ ಶಿಬಿರ, ಬ್ಯಾನರು, ಹಾರ ತುರಾಯಿ ಬೇಡ. ಸಂಗೀತ ಚಿಕಿತ್ಸೆಯಲ್ಲಿ ಓದಿಕೊಂಡ ಒಬ್ಬರು ತಿಂಗಳಿಗೊಮ್ಮೆ ಬಂದು, ಸ್ಥಳೀಯವಾಗಿ ಇಬ್ಬರು ಯುವತಿಯರನ್ನೋ ಯುವಕರನ್ನೋ ತಯಾರು ಮಾಡಲಿ, ಆ ಇಬ್ಬರು ಪ್ರತಿ ವಾರ ಅದೇ ಶಾಲೆಗೆ, ಅದೇ ಮಕ್ಕಳ ಬಳಿಗೆ ಹೋಗಲಿ. ಅವರನ್ನು ಚಿಕಿತ್ಸಕರೆಂದು ಕರೆಯುವುದು ಬೇಡ, ಅಕ್ಕ, ಅಣ್ಣ ಎಂದರೆ ಸಾಕು. ಯಾವ ಲಕ್ಷಣ ಕಂಡರೆ ಹಾಡು ನಿಲ್ಲಿಸಿ ನರ್ಸನ್ನು ಕರೆಯಬೇಕು ಎಂಬುದು ಅವರು ಕಲಿಯುವ ಮೊದಲ ಪಾಠವಾಗಲಿ. ನೋವಿಲ್ಲದ ದಿನವೇ ಮಗು ತನ್ನ ಹಾಡುಗಳನ್ನು ಆರಿಸಿ, ನೋವು ಬಂದರೆ ಇದು, ರಾತ್ರಿ ನಿದ್ದೆ ಬಾರದಿದ್ದರೆ ಇದು, ಸಿಟ್ಟು ಬಂದರೆ ಇದು ಎಂದು ಫೋನಿನಲ್ಲೋ ಮೆಮೊರಿ ಕಾರ್ಡಿನಲ್ಲೋ ಜೋಡಿಸಿಕೊಳ್ಳಲಿ. ಉಸಿರು ಹಿಡಿದು ಉದ್ದನೆಯ ಸಾಲು ಹಾಡುವ ಅಭ್ಯಾಸ ಆಗಲೇ ಆಗಿರಲಿ. ಗಾಬರಿಯಲ್ಲಿ ಉಸಿರನ್ನು ನಿಧಾನವಾಗಿ ಬಿಡಲು ಹಾಡುವುದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಬರೆಯಲು ಮನಸ್ಸಾದವರು ಬರೆಯಲಿ, ಡಬ್ಬ ಬಡಿಯಲು ಮನಸ್ಸಾದವರು ಬಡಿಯಲಿ, ಸುಮ್ಮನೆ ಕೂರಬೇಕೆಂದವರಿಗೆ ಅದಕ್ಕೂ ಅವಕಾಶವಿರಲಿ.

ಮಕ್ಕಳು ಕಟ್ಟಿದ ಹಾಡನ್ನು ಅವರು ಒಪ್ಪಿದರೆ ಮಾತ್ರ, ಹೆಸರಿಲ್ಲದೆ, ಬಾನುಲಿಯಲ್ಲಿ ಹಾಕಬಹುದು. ನೋವು ಬಂದಾಗ ಯಾರು ನಂಬಲಿಲ್ಲ, ಯಾವ ಬಸ್ಸು ನಿಲ್ಲಿಸಲಿಲ್ಲ, ಎಷ್ಟು ದಿನ ಮಾತ್ರೆ ಇರಲಿಲ್ಲ ಎಂದು ಆ ಹಾಡಿನಲ್ಲಿ ಬಂದರೆ ಅದನ್ನು ತಿದ್ದಬಾರದು. ಕಾರ್ಯಕ್ರಮಕ್ಕೆ ಹಣ ಕೊಟ್ಟವರಿಗೆ ಮುಜುಗರವಾದರೂ ಹಾಕಬೇಕು, ಮತ್ತು ತಾಲ್ಲೂಕು ಆರೋಗ್ಯಾಧಿಕಾರಿ ಅದನ್ನು ಕೇಳಿಸಿಕೊಂಡು ಮುಂದಿನ ತಿಂಗಳ ಹೈಡ್ರಾಕ್ಸಿಯೂರಿಯಾದ ದಾಸ್ತಾನು ಎಷ್ಟಿದೆ ಎಂದು ನೋಡಬೇಕು.